ತೌಬರ್ ನದಿಯ ಮೇಲಣ ಕೋಟೆಯೂರಿನಲ್ಲಿ

ಕಳೆದ ಬೇಸಿಗೆಯಲ್ಲಿ ಜರ್ಮನಿ ದೇಶದಲ್ಲಿ ಎರಡು ತಿಂಗಳು ತಂಗುವ ಯೋಗ ನಮಗೆ ಒದಗಿಬಂದಿತು. ಹಿಂದೆ ನಮ್ಮಲ್ಲಿ ವಚನಗಳ ಪಾಠ ಹೇಳಿಸಿಕೊಂಡ ಶಿಷ್ಯರೊಬ್ಬರು, ಬಾಗಲಕೋಟೆ ಸೀಮೆಯವರು, ಸ್ಟುಟ್‌ಗಾರ್ಟ್ ನಗರದ ಸಮೀಪ ಎಂಜಿನಿಯರರಾಗಿ ಅನೇಕ ವರ್ಷಗಳಿಂದ ನೆಲೆಸಿದ್ದಾರೆ. ಅವರ ಆಗ್ರಹದ ಮೇರೆಗೆ ನಾವೂ ನಮ್ಮ ಧರ್ಮಪತ್ನಿಯವರೂ ಅಲ್ಲಿಗೆ ಹೋದೆವು. ಹೋದ ಮೊದಲ ವಾರದಲ್ಲಿಯೇ ಆ ಗೃಹಿಣಿ ನಮ್ಮ ಮುಂದೆ ಒಂದು ಚಿಂತೆಯನ್ನು ತೋಡಿಕೊಂಡರು. ಅವರ ಒಬ್ಬಳೇ ಮಗಳು, ಹದಿಮೂರು ವರ್ಷದವಳು, ಊರಿಗೆ ಬಂದಾಗ ಲಿಂಗದೀಕ್ಷೆ ಪಡೆದವಳು, ಈಗ ಕೆಲವು ತಿಂಗಳಿಂದ ಶಾಲೆಗೆ ಹೋಗುವಾಗ ಕರಡಿಗೆಯನ್ನು ತೆಗೆದು ದೇವರ ಮಾಡದಲ್ಲಿ ಇಟ್ಟು ಹೋಗುತ್ತಿದ್ದಳು. "ಗುರುಗಳ, ನೀವಾದ್ರೂ ಒಂದೀಟು ತಿಳಿಸಿ ಹೇಳ್ರಿ. ನಮ್ಮ ಮಾತು ಕಿವಿಗೆ ಹಾಕ್ಕೊಳ್ಳವಲ್ಲಳು" ಎಂದು ಆ ತಾಯಿ ಕೇಳಿಕೊಂಡಾಗ ನಾವು ಒಪ್ಪಿಕೊಂಡೆವು. ಲಿಂಗಧಾರಣೆಯ ಮಹತ್ವವನ್ನು ಕುರಿತು ಇದೇ ಬಗೆಯ ಪತ್ರಿಕೆಗಳಲ್ಲಿ ಎಷ್ಟೋ ಲೇಖನಗಳನ್ನು ಬರೆದ ನಮಗೆ ಒಂದು ಹುಡುಗಿಗೆ ನಾಲ್ಕು ಮಾತು ಹೇಳುವುದು ಕಷ್ಟವೆಂದು ತೋರಲಿಲ್ಲ.

ಅಷ್ಟರಲ್ಲಿ ಅಲ್ಲಿಯ ಶಾಲೆಗಳಿಗೆ ಪೆಂಟೆಕೋಸ್ಟ್ ಹಬ್ಬದ ಬಿಡುವು ಬಂದಿತು. ಶಿಷ್ಯರು ಒಂದು ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿದರು. ಈ ವಾಹನವನ್ನು ಕಾಣದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ನಮ್ಮ ಕಡೆಯ ಚಿಕ್ಕ ಲಾರಿಯಷ್ಟಿರುವ ಈ ಗಾಡಿಯೊಳಗೆ ಒಂದು ಸಂಸಾರಕ್ಕೆ ಬೇಕಾದುದೆಲ್ಲ ಅಡಗಿದೆ. ಎರಡು ಉರಿಯ ಗ್ಯಾಸ್ ಒಲೆ, ಕೈತೊಳೆಯುವ ಬೋಗುಣಿ, ಚಿಕ್ಕ ಫ್ರಿಜ್, ಸ್ನಾನಕ್ಕೊಂದು ಗೂಡು, ಹಗಲು ಮೇಜಾಗಿದ್ದು ರಾತ್ರಿ ಮಂಚವಾಗುವ ಹಲಗೆ, ಚಾಲಕನ ತಲೆಯ ಮೇಲೊಂದು ಅಟ್ಟ, ನೆಲದಡಿ ನೂರು ಲೀಟರಿನ ನೀರಿನ ತೊಟ್ಟಿ. ಜರ್ಮನರು ಇದನ್ನು ವೋನ್‌ಮೊಬೀಲ್ ಎನ್ನುತ್ತಾರೆ. ಚಲಿಸುವ ಮನೆ ಎಂದರ್ಥ. ಅನೇಕ ಊರುಗಳ ಹೊರವಲಯದಲ್ಲಿ ಇಂತಹ ಗಾಡಿಗಳು ತಂಗಲು ಸ್ಥಳ ಮೀಸಲಿದ್ದು, ಅಲ್ಲಿ ನಾಣ್ಯ ಹಾಕಿದರೆ ನೀರು, ವಿದ್ಯುತ್ತು ದೊರೆಯುತ್ತವೆ. ಊರಿಂದೂರಿಗೆ ಸಂಚರಿಸುತ್ತ ಒಂದೆಡೆ ನೆಲೆಯೂರದ ಚರಜಂಗಮರ ಪರಂಪರೆಯಲ್ಲಿ ಬಂದ ನಮಗೆ ಈ ಕಲ್ಪನೆ ಹೊಸದಲ್ಲ. ಆದರೆ ನಮ್ಮ ಚರಮೂರ್ತಿಗಳು ಜೋಳಿಗೆಯೊಂದನ್ನೇ ಹೊತ್ತು ಹೊರಡುತ್ತಿದ್ದರು. ನಾವು ಮಾತ್ರ ಐದು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ, ಹುರಿದ ರವೆ, ಎರಡು ಹಂಚುಗಳ ಸಮೇತ ಹೊರಟೆವು!

ರೋಥೆನ್‌ಬರ್ಗ್ ಎಂಬ ಹೆಸರಿಗೆ 'ಕೆಂಪು ಕೋಟೆ' ಎಂಬ ಅರ್ಥವಿದೆ. ಆ ಹೆಸರಿನ ಊರುಗಳು ಆ ದೇಶದಲ್ಲಿ ಹಲವು ಇರುವುದರಿಂದ ಇದನ್ನು 'ತೌಬರ್ ನದಿಯ ಮೇಲಣ ರೋಥೆನ್‌ಬರ್ಗ್' ಎಂದೇ ಪೂರ್ಣವಾಗಿ ಕರೆಯುವುದು ವಾಡಿಕೆ. ಸ್ಟುಟ್‌ಗಾರ್ಟಿನಿಂದ ಸುಮಾರು ಎರಡು ಗಂಟೆಯ ದಾರಿ. ಬವೇರಿಯ ರಾಜ್ಯಕ್ಕೆ ಸೇರಿದೆ. ಬುಧವಾರ ಸಂಜೆ ನಾವು ತಲುಪಿದಾಗ ಗಡಿಯಾರ ಎಂಟನ್ನು ತೋರಿಸುತ್ತಿದ್ದರೂ ಸೂರ್ಯನು ನಮ್ಮೂರಿನ ಐದು ಗಂಟೆಯ ಬಿಸಿಲನ್ನು ಚೆಲ್ಲುತ್ತಿದ್ದನು. ಆಳವಾದ ಕಣಿವೆಯ ತಳದಲ್ಲಿ ಚಿಕ್ಕ ನದಿ. ಅದರ ಮೇಲಿನ ದಿಣ್ಣೆಯ ಅಂಚಿನುದ್ದಕ್ಕೂ ಕೋಟೆಗೋಡೆ, ಗೋಪುರಗಳು, ಕಡಿದಾದ ಕೆಂಪು ಹೆಂಚಿನ ಮಾಡುಗಳು. ದಕ್ಷಿಣದ ದ್ವಾರದ ಹೊರಗೆ ಗಾಡಿಯನ್ನು ನಿಲ್ಲಿಸಿ ಕಾಲ್ನಡೆಯಲ್ಲಿ ಒಳಹೊಕ್ಕೆವು. ಆಸ್ಪತ್ರೆಯ ಬಾಗಿಲೆಂದು ಕರೆಯುವ ಆ ದ್ವಾರದ ಕಮಾನಿನಲ್ಲಿ ಲ್ಯಾಟಿನ್ ಶಾಸನವೊಂದಿದೆ. ಒಳಬರುವವರಿಗೆ ಶಾಂತಿ, ಹೊರಹೋಗುವವರಿಗೆ ಕ್ಷೇಮ ಎಂಬುದು ಅದರ ತಾತ್ಪರ್ಯ. ಎಂತಹ ಸೊಗಸಾದ ಸ್ವಾಗತವೆಂದು ಅಂದು ನಾವು ತಲೆದೂಗಿದೆವು. ಎರಡು ದಿನಗಳ ಬಳಿಕ ಅದೇ ಬಾಗಿಲನ್ನು ದಾಟುವಾಗ ಹಾಗೆ ತಲೆದೂಗಲು ಆಗಲಿಲ್ಲ.

ಊರಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹೋಹೆನ್‌ಸ್ಟಾಫನ್ ವಂಶದ ಮೂರನೆಯ ಕೊನ್ರಾಡ್ ರಾಜನು 1142ರಲ್ಲಿ ಇಲ್ಲಿಯ ದಿಣ್ಣೆಯ ಮೂಗಿನ ಮೇಲೆ ಕೋಟೆಯನ್ನು ಕಟ್ಟಿಸಿದನು. ಆ ಇಸವಿಯನ್ನು ಕೇಳಿದೊಡನೆ ನಮ್ಮ ಮನಸ್ಸು ಕಲ್ಯಾಣಕ್ಕೆ ಹಾರಿತು. ಆಗ ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಗದೇಕಮಲ್ಲನು ಆಳುತ್ತಿದ್ದನು. ಅಣ್ಣನವರ ಅನುಭವ ಮಂಟಪಕ್ಕೆ ಇನ್ನೂ ಕೆಲವು ವರ್ಷ ಬಾಕಿಯಿತ್ತು. 1274ರಲ್ಲಿ ಹ್ಯಾಬ್ಸ್‌ಬರ್ಗ್ ವಂಶದ ರುಡೋಲ್ಫ್ ದೊರೆಯು ಈ ಊರಿಗೆ ಸ್ವತಂತ್ರ ನಗರದ ಪದವಿಯನ್ನು ಕೊಟ್ಟನು. ಅಂದರೆ ನಡುವೆ ಯಾವ ಸಾಮಂತನೂ ಇಲ್ಲದೆ ನೇರವಾಗಿ ಸಾಮ್ರಾಟನಿಗೆ ಮಾತ್ರ ಅಧೀನವಾದ ಊರು. 1356ರ ಭೂಕಂಪದಲ್ಲಿ ಕೋಟೆಯ ಅರಮನೆ ನೆಲಸಮವಾಯಿತು. ಅದರ ಕಲ್ಲುಗಳಿಂದ ಊರಿನ ಗೋಡೆ ಬೆಳೆಯಿತು. ಊರನ್ನು ಉಚ್ಛ್ರಾಯಕ್ಕೆ ಒಯ್ದ ನಗರಾಧ್ಯಕ್ಷ ಹೈನ್‌ರಿಖ್ ಟೋಪ್ಲರ್ ಎಂಬಾತನು 1408ರಲ್ಲಿ ತನ್ನದೇ ನಗರಸಭೆಯ ನೆಲಮಾಳಿಗೆಯ ಸೆರೆಯಲ್ಲಿ ಸತ್ತನು. ಅಧಿಕಾರದ ಗತಿ ಎಲ್ಲ ದೇಶಗಳಲ್ಲಿಯೂ ಒಂದೇ.

ಇಷ್ಟು ಹಳೆಯ ಊರು ಹಳೆಯದಾಗಿಯೇ ಉಳಿದುದು ಹೇಗೆ? ಇದಕ್ಕೆ ಉತ್ತರ ಬಡತನ. ಮೂವತ್ತು ವರ್ಷಗಳ ಯುದ್ಧದಲ್ಲಿ, 1631ರಲ್ಲಿ, ಟಿಲ್ಲಿ ಎಂಬ ಸೇನಾನಿ ಊರನ್ನು ಗೆದ್ದನು. ಮೂರೂಕಾಲು ಲೀಟರ್ ದ್ರಾಕ್ಷಾರಸವನ್ನು ಒಂದೇ ಗುಟುಕಿಗೆ ಕುಡಿದು ಮಾಜಿ ನಗರಾಧ್ಯಕ್ಷನೊಬ್ಬನು ಊರನ್ನು ಉಳಿಸಿದನೆಂಬ ಕಥೆಯನ್ನು 1881ರಿಂದ ಪೆಂಟೆಕೋಸ್ಟ್ ಹಬ್ಬದಲ್ಲಿ ನಾಟಕವಾಗಿ ಆಡುತ್ತಾರೆ. ಚೌಕದ ಗಡಿಯಾರದ ಕಿಟಕಿಯಲ್ಲಿ ಬೊಂಬೆಗಳೂ ಅದನ್ನೇ ಅಭಿನಯಿಸುತ್ತವೆ. ಕುಡಿತದಿಂದ ಊರು ಉಳಿದ ಈ ಕಥೆಯನ್ನು ನಮ್ಮ ಧರ್ಮಪತ್ನಿಯವರು ಕಿಂಚಿತ್ತೂ ನಂಬಲಿಲ್ಲ. ಚರಿತ್ರಕಾರರೂ ಅದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಯುದ್ಧದ ನಂತರ ವ್ಯಾಪಾರ ಬೇರೆ ದಾರಿ ಹಿಡಿಯಿತು, ಹಣ ಹೋಯಿತು, ಹೊಸ ಮನೆ ಕಟ್ಟುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಹಾಗೆ ಸುಮಾರು ಇನ್ನೂರು ವರ್ಷ ಕೈಬಿಟ್ಟು ಹೋದ ಊರನ್ನು ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರು ಬಂದು ಕಂಡು ಬೆರಗಾದರು. ಇಂದು ಆ ಬಡತನವೇ ಅವರ ಬಂಡವಾಳ. ಅಂಗಡಿಯ ಗಾಜಿನಲ್ಲಿ ಚಿರೋಟಿಯನ್ನು ಉಂಡೆ ಕಟ್ಟಿದಂತಿರುವ 'ಹಿಮದುಂಡೆ' ಎಂಬ ಕರಿದ ತಿನಿಸನ್ನು ಸಕ್ಕರೆ ಪುಡಿ ಉದುರಿಸಿ ಜೋಡಿಸಿದ್ದರು. ಮೊಟ್ಟೆಯೂ ಹಣ್ಣಿನ ಮದ್ಯವೂ ಅದರ ಹಿಟ್ಟಿನಲ್ಲಿ ಸೇರುವುದೆಂದು ತಿಳಿದು ದೂರದಿಂದಲೇ ನಮಸ್ಕರಿಸಿದೆವು.

ಮರುದಿನ ಮುಂಜಾನೆ ನಾಲ್ಕೂವರೆಗೇ ಬೆಳಕು ಹರಿದಿತ್ತು. ಮಂಚವನ್ನು ಮೇಜಾಗಿ ಮಡಿಚಿದರೆ ಕುಳಿತುಕೊಳ್ಳಲು ಇಬ್ಬರಿಗೆ ಮಾತ್ರ ಸ್ಥಳ. ಆದುದರಿಂದ ಲಿಂಗಪೂಜೆ ಸರದಿಯ ಮೇಲೆ ನಡೆಯಬೇಕಾಯಿತು. ಮೊದಲು ನಾವಿಬ್ಬರು, ನಂತರ ಶಿಷ್ಯ ದಂಪತಿಗಳು. ಹುಡುಗಿ ಅಟ್ಟದ ಮೇಲೆ ಹೊದಿಕೆಯೊಳಗಿಂದ ಕಣ್ಣು ಬಿಟ್ಟು ನೋಡುತ್ತಿದ್ದಳು, ಇಳಿದು ಬರಲಿಲ್ಲ. ಎರಡನೆಯ ದಿನ ನಮ್ಮ ಸ್ನಾನದ ನಡುವೆಯೇ ತೊಟ್ಟಿಯ ನೀರು ಮುಗಿದುಹೋಯಿತು. ಮೈಯೆಲ್ಲ ಸಾಬೂನು, ಹೊರಗೆ ನಾಣ್ಯದ ಕೊಳಾಯಿಯ ಮುಂದೆ ಕೈಯಲ್ಲಿ ಬಕೆಟ್ ಹಿಡಿದ ಶಿಷ್ಯರು ಚಿಲ್ಲರೆ ಹುಡುಕುತ್ತಿದ್ದರು. ಮಠದ ಪ್ರಸಾದನಿಲಯದಲ್ಲಿ ಒಂದು ತಂಬಿಗೆ ನೀರಿನಲ್ಲಿ ಮಿಂದು ಬೆಳೆದ ನಾವು ನೂರು ಲೀಟರನ್ನು ಸಾಲದಂತೆ ಮಾಡಿದ್ದೆವೆಂಬುದು ನಾಚಿಕೆಯ ಸಂಗತಿ. ಅಂದಿನಿಂದ ತಂಬಿಗೆಯ ಲೆಕ್ಕಕ್ಕೆ ಮರಳಿದೆವು. ಪಕ್ಕದ ಗಾಡಿಯ ವೃದ್ಧ ದಂಪತಿಗಳು ರೊಟ್ಟಿ ಬಡಿಯುವ ಸದ್ದಿಗೆ ಕುತೂಹಲಗೊಂಡು ಬಂದು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟುದನ್ನು ನಿಂತಲ್ಲಿಯೇ ತಿಂದು, ಸಂಜೆ ತಮ್ಮ ತೋಟದ ಸ್ಟ್ರಾಬೆರಿ ಹಣ್ಣುಗಳನ್ನು ತಂದುಕೊಟ್ಟರು. ಪರಸ್ಪರ ಒಂದು ಶಬ್ದವೂ ಅರ್ಥವಾಗದೆ ನಡೆದ ದಾಸೋಹವದು.

ಕೋಟೆಗೋಡೆಯ ಮೇಲೆ ನಡೆಯಲು ಮಾಡು ಹೊದಿಸಿದ ಮರದ ದಾರಿಯಿದೆ. ಸುಮಾರು ಎರಡೂವರೆ ಕಿಲೋಮೀಟರ್ ಹಾಗೆ ನಡೆಯಬಹುದು. ಒಂದು ಪಕ್ಕಕ್ಕೆ ಬಾಣ ಬಿಡುವ ಕಿಂಡಿಗಳು, ಇನ್ನೊಂದು ಪಕ್ಕಕ್ಕೆ ಮನೆಗಳ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಗುಲಾಬಿ ಬಳ್ಳಿ. ನಡೆಯುತ್ತ ಹೋದಂತೆ ಗೋಡೆಯ ಕಲ್ಲುಗಳಲ್ಲಿ ಹೆಸರುಗಳು ಕಾಣತೊಡಗಿದವು. ಜರ್ಮನ್ ಹೆಸರುಗಳು, ಅಮೆರಿಕದ ಹೆಸರುಗಳು, ಜಪಾನಿನ ಹೆಸರುಗಳು ಬಹಳ. ಹೆಸರಿನ ಕೆಳಗೆ ಒಂದು ಮೀಟರ್, ಎರಡು ಮೀಟರ್ ಎಂದು ಅಳತೆ. ಹುಡುಗಿಯನ್ನು ಕೇಳಲಾಗಿ, ಇವು ಗೋಡೆಯ ಜೀರ್ಣೋದ್ಧಾರಕ್ಕೆ ಮೀಟರಿನ ಲೆಕ್ಕದಲ್ಲಿ ಹಣ ಕೊಟ್ಟವರ ಹೆಸರುಗಳೆಂದು ಓದಿ ಹೇಳಿದಳು. ಈ ಊರಿನಲ್ಲಿ ಅವಳೇ ನಮ್ಮ ಕಣ್ಣು, ಅವಳೇ ನಮ್ಮ ನಾಲಿಗೆ. ಅವಳ ತಂದೆತಾಯಿಗಳ ಜರ್ಮನ್ ಕಚೇರಿ, ಅಂಗಡಿಗೆ ಸಾಕಾಗುವಷ್ಟು ಮಾತ್ರ. ಹಳೆಯ ಶಾಸನದ ಮುಂದೆ ಅವರೂ ಮಗಳ ಮುಖವನ್ನೇ ನೋಡುತ್ತಿದ್ದರು. ಉಪದೇಶ ಮಾಡಬೇಕೆಂದು ಹೊರಟವರು ಹೆಜ್ಜೆ ಹೆಜ್ಜೆಗೆ ಉಪದೇಶ ಪಡೆಯುವವರಾಗಿದ್ದೆವು.

ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಯುವುದನ್ನು ಕಂಡಾಗ ಮಾಡಿದೆನೆಂಬ ಅಹಂಕಾರವನ್ನು ಅಳಿಸಬೇಕೆಂದ ಶರಣರ ನೆನಪಾಯಿತು. ಟೀಕಿಸಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮಠ ಮಂದಿರಗಳ ಸೀಲಿಂಗ್ ಫ್ಯಾನಿನ ರೆಕ್ಕೆಗಳ ಮೇಲೆ ಬರೆಯಿಸಿದ ಹೆಸರುಗಳೂ ನೆನಪಾಗಿ ಬಾಯಿ ಮುಚ್ಚಿಕೊಂಡೆವು. ಇಲ್ಲಿಯ ಕಲ್ಲುಗಳಾದರೂ ಒಂದು ದುರಂತವನ್ನು ಹೇಳುತ್ತವೆ. 1945ರ ಮಾರ್ಚ್ 31ರಂದು, ಈಸ್ಟರ್ ಹಬ್ಬದ ಹಿಂದಿನ ದಿನ, ಅಮೆರಿಕದ ವಿಮಾನಗಳು ಊರಿನ ಪೂರ್ವಭಾಗದ ಮೇಲೆ ಬಾಂಬು ಸುರಿದವು. ನಲವತ್ತಕ್ಕೆ ಸಮೀಪ ಜನ ಸತ್ತರು. ಹಳೆಯ ಊರಿನ ಶೇಕಡಾ 40ರಷ್ಟು ಭಾಗ, ನೂರಾರು ಮೀಟರ್ ಗೋಡೆ ಹಾಳಾಯಿತು. ನೆಲಸೇನೆ ಹತ್ತಿರ ಬಂದಾಗ ಅಮೆರಿಕದ ಯುದ್ಧ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಜಾನ್ ಮೆಕ್‌ಲಾಯ್ ಎಂಬವರು ಫಿರಂಗಿಗಳನ್ನು ಬಳಸಬಾರದೆಂದು ಸೂಚಿಸಿದರು. ಅವರ ತಾಯಿ ಹಿಂದೆಂದೋ ಈ ಊರನ್ನು ನೋಡಿ ಹೋಗಿ, ಇದರ ಚಿತ್ರವೊಂದನ್ನು ಮನೆಯ ಗೋಡೆಗೆ ತೂಗುಹಾಕಿದ್ದರಂತೆ. ಮಗ ಅದನ್ನು ನೋಡುತ್ತ ಬೆಳೆದಿದ್ದರು. ಊರಿನ ಜರ್ಮನ್ ಸೇನಾಧಿಕಾರಿಯೂ ಹಿಟ್ಲರನ ಆಜ್ಞೆಯನ್ನು ಮೀರಿ ಸೇನೆಯನ್ನು ಹಿಂದೆಗೆದುಕೊಂಡನು. ಏಪ್ರಿಲ್ 17ರಂದು ಊರು ಕಾಳಗವಿಲ್ಲದೆ ಕೈಮುಗಿಯಿತು. ಒಬ್ಬ ತಾಯಿ ಮನೆಯ ಗೋಡೆಗೆ ಹಾಕಿದ ಚಿತ್ರಕ್ಕೆ ಒಂದು ಊರನ್ನು ಕಾಯುವ ಶಕ್ತಿ ಬಂದಿತೆಂದು ಗೃಹಿಣಿ ಪದೇಪದೇ ಹೇಳಿದರು.

ಸಂತ ಯಾಕೋಬನ ಇಗರ್ಜಿಯ ಕಟ್ಟಡ 1311ರಲ್ಲಿ ಆರಂಭವಾಗಿ 1485ರವರೆಗೆ ನಡೆಯಿತು. ಅದರ ಪಶ್ಚಿಮದ ಮಹಡಿಯಲ್ಲಿ ಟಿಲ್ಮನ್ ರೀಮೆನ್‌ಷ್ನೈಡರ್ ಎಂಬ ಶಿಲ್ಪಿಯು 1501ರಿಂದ 1505ರ ವರೆಗೆ ಲಿಂಡೆನ್ ಮರದಲ್ಲಿ ಕೆತ್ತಿದ ಯೇಸುವಿನ ಕಡೆಯ ಭೋಜನದ ದೃಶ್ಯವಿದೆ. ಬಣ್ಣವಿಲ್ಲ, ಚಿನ್ನದ ಲೇಪವಿಲ್ಲ. ಹಿಂದಿನ ಗಾಜುಗಳಿಂದ ಬರುವ ಬೆಳಕೇ ಅದರ ಬಣ್ಣ. ಮೇಲ್ಗಡೆಯ ಶಿಲುಬೆಯಲ್ಲಿ ಸ್ಫಟಿಕದ ಚಿಕ್ಕ ಗುಂಡೊಂದರೊಳಗೆ ಯೇಸುವಿನ ರಕ್ತದ ಹನಿಯಿದೆಯೆಂಬುದು ಅವರ ಶ್ರದ್ಧೆ; ಅದಕ್ಕಾಗಿಯೇ ಯಾತ್ರಿಕರು ಬರುತ್ತಿದ್ದರು. ನಮ್ಮನ್ನು ಹಿಡಿದು ನಿಲ್ಲಿಸಿದುದು ಬೇರೆಯದೇ. ಬೇರೆ ಚಿತ್ರಗಳಲ್ಲಿ ನಡುವೆ ಯೇಸು ಕುಳಿತಿರುವುದು ರೂಢಿ. ಇಲ್ಲಿ ಪಂಕ್ತಿಯ ನಟ್ಟನಡುವೆ ನಿಂತವನು ಜೂಡಾಸ್, ಗುರುವನ್ನು ಹಣಕ್ಕೆ ಮಾರಿದವನು, ಕೈಯಲ್ಲಿ ಹಣದ ಚೀಲ ಹಿಡಿದು. ಗುರುವು ಅವನ ಕಡೆಗೇ ತಿರುಗಿ ತುತ್ತು ಕೊಡುತ್ತಿದ್ದಾನೆ. ನಾವು ಅಲ್ಲಿ ಅರ್ಧ ಗಂಟೆ ನಿಂತೆವು. ದ್ರೋಹಿಗೂ ಪ್ರಸಾದದ ಪಂಕ್ತಿಯಲ್ಲಿ ಸ್ಥಾನ ಕೊಟ್ಟ ಆ ಶಿಲ್ಪಿಯ ಅಂತಃಕರಣ ದೊಡ್ಡದು. ಅಪರಾಧ ವಸ್ತುಸಂಗ್ರಹಾಲಯ ಎಂಬ ಇನ್ನೊಂದು ಕಡೆ ಕಬ್ಬಿಣದ ಅಪಮಾನದ ಮುಖವಾಡಗಳು, ತೂಕದಲ್ಲಿ ಮೋಸ ಮಾಡಿದ ರೊಟ್ಟಿ ಸುಡುವವರನ್ನು ಕೂರಿಸಿ ನೀರಿನಲ್ಲಿ ಮುಳುಗಿಸುತ್ತಿದ್ದ ಪಂಜರ ಮೊದಲಾದವು ಇವೆ. ಜನ ಕಿಕ್ಕಿರಿದಿದ್ದರು. ನಾವು ಬೇಗ ಹೊರಬಂದೆವು.

ಶುಕ್ರವಾರ ಮಧ್ಯಾಹ್ನ ಶ್ವೇತಗೋಪುರದ ಬದಿಯ ಒಂದು ಚಿಕ್ಕ ತೋಟಕ್ಕೆ ಹೋದುದು ಯೋಜನೆಯಿಂದಲ್ಲ, ನೆರಳಿಗಾಗಿ. ಅಲ್ಲಿಯ ಗೋಡೆಯಲ್ಲಿ ಹೀಬ್ರೂ ಅಕ್ಷರದ ಗೋರಿಕಲ್ಲುಗಳನ್ನು ಸಾಲಾಗಿ ಕೂರಿಸಲಾಗಿದೆ. 1914ರಲ್ಲಿ ಊರಿನ ಹಳೆಯ ಯೆಹೂದಿ ಸ್ಮಶಾನದ ಜಾಗದಲ್ಲಿ ನೆಲ ಅಗೆಯುವಾಗ ಸಿಕ್ಕ ಕಲ್ಲುಗಳ ಪ್ರತಿರೂಪಗಳವು, ಮೂಲಗಳು ವಸ್ತುಸಂಗ್ರಹಾಲಯದಲ್ಲಿವೆ. ತೋಟಕ್ಕೆ ರಬ್ಬಿ ಮೆಯಿರ್ ಎಂಬವರ ಹೆಸರು. ಹುಡುಗಿ ಫಲಕವನ್ನು ಓದುತ್ತ ಓದುತ್ತ ಕುಳಿತುಬಿಟ್ಟಳು. ಆಮೇಲೆ ನಾವು ಸಂಗ್ರಹಾಲಯಕ್ಕೆ ಹೋಗಿ ಕೇಳಿ ತಿಳಿದುದನ್ನೂ ಮುಂದೆ ಓದಿ ತಿಳಿದುದನ್ನೂ ಸೇರಿಸಿ ಆ ಮಹನೀಯರ ವೃತ್ತಾಂತವನ್ನು ಇಲ್ಲಿ ನಿರೂಪಿಸುತ್ತೇವೆ. ನಮ್ಮ ಓದುಗರು ಅವಶ್ಯವಾಗಿ ತಿಳಿಯಬೇಕಾದ ಚರಿತ್ರೆಯಿದು.

ಬರೂಖನ ಮಗ ಮೆಯಿರ್ ಹುಟ್ಟಿದುದು ವೋರ್ಮ್ಸ್ ಎಂಬ ಊರಿನಲ್ಲಿ, ಸುಮಾರು 1215ರಲ್ಲಿ. ಅದೇ ವರ್ಷ ರೋಮಿನಲ್ಲಿ ಸೇರಿದ ಕ್ರೈಸ್ತ ಮಹಾಸಭೆಯು ಯೆಹೂದಿಗಳು ಉಡುಪಿನಿಂದಲೇ ಬೇರೆಯೆಂದು ಗುರುತಾಗಬೇಕೆಂದು ವಿಧಿಸಿತು. ತರುಣರಾಗಿ ಪ್ಯಾರಿಸಿನಲ್ಲಿ ಓದುತ್ತಿದ್ದಾಗ ತಮ್ಮವರ ಶಾಸ್ತ್ರಗ್ರಂಥಗಳನ್ನು ಬಂಡಿಗಟ್ಟಲೆ ಸುಟ್ಟುದನ್ನು ಅವರು ಕಣ್ಣಾರೆ ಕಂಡು ಶೋಕಗೀತೆಯನ್ನು ರಚಿಸಿದರು. ಬಳಿಕ ರೋಥೆನ್‌ಬರ್ಗಿಗೆ ಬಂದು ನೆಲೆಸಿ ದಶಕಗಳ ಕಾಲ ಪಾಠ ಹೇಳಿದರು. ಶಿಷ್ಯರು ಅವರ ಮನೆಯಲ್ಲಿಯೇ ಇದ್ದು ಓದುತ್ತಿದ್ದರು. ದೂರ ದೂರದ ಸಮುದಾಯಗಳು ಧರ್ಮಸೂಕ್ಷ್ಮಗಳನ್ನು ಕೇಳಿ ಓಲೆ ಕಳಿಸುತ್ತಿದ್ದವು. ಅವರು ಬರೆದ ಉತ್ತರಗಳಲ್ಲಿ ಸಾವಿರಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ರುಡೋಲ್ಫ್ ದೊರೆಯು ಯೆಹೂದಿಗಳನ್ನು ತನ್ನ ಖಜಾನೆಯ ಸೊತ್ತೆಂದು ಸಾರಿ ತೆರಿಗೆ ಹೆಚ್ಚಿಸಿದಾಗ ಅನೇಕರು ದೇಶ ಬಿಟ್ಟು ಹೊರಟರು. ವೃದ್ಧರಾದ ಮೆಯಿರರೂ ಮನೆಮಂದಿಯೊಡನೆ ಹೊರಟರು. ದಾರಿಯಲ್ಲಿ, 1286ರಲ್ಲಿ, ಯಾರೋ ಗುರುತು ಹಿಡಿದು ಒಪ್ಪಿಸಿದರು. ಊರಿಗೆ ಸ್ವಾತಂತ್ರ್ಯ ಕೊಟ್ಟ ಅದೇ ರುಡೋಲ್ಫನು ಅವರನ್ನು ಸೆರೆಯಲ್ಲಿಟ್ಟನು.

ಸಮುದಾಯದವರು ದೊಡ್ಡ ಮೊತ್ತದ ಹಣವನ್ನು ಕೂಡಿಸಿ ಅವರನ್ನು ಬಿಡಿಸಿಕೊಳ್ಳಲು ಸಿದ್ಧರಾದರು. ಪರಂಪರೆಯು ಹೇಳುವಂತೆ ಗುರುಗಳೇ ಒಪ್ಪಲಿಲ್ಲ. ತನ್ನನ್ನು ಹಣ ಕೊಟ್ಟು ಬಿಡಿಸಿದರೆ ನಾಳೆ ಪ್ರತಿಯೊಬ್ಬ ದೊರೆಯೂ ಒಬ್ಬೊಬ್ಬ ಗುರುವನ್ನು ಹಿಡಿದಿಟ್ಟು ಸುಲಿಗೆ ಮಾಡುವನೆಂಬುದು ಅವರ ವಿಚಾರ. ಸೆರೆಯಲ್ಲಿದ್ದುಕೊಂಡೇ, ಬಳಿಯಲ್ಲಿ ಗ್ರಂಥಗಳಿಲ್ಲದೆ, ನೆನಪಿನ ಬಲದಿಂದ ಶಿಷ್ಯರಿಗೆ ಉತ್ತರ ಬರೆಯುತ್ತ, ಏಳನೆಯ ವರ್ಷ, 1293ರಲ್ಲಿ, ಎನ್ಸಿಸ್‌ಹೈಮ್ ಎಂಬಲ್ಲಿ ದೇಹ ಬಿಟ್ಟರು. ದೊರೆಗಳು ಶವವನ್ನೂ ಬಿಟ್ಟುಕೊಡಲಿಲ್ಲ! ಹದಿನಾಲ್ಕು ವರ್ಷಗಳ ಮೇಲೆ, 1307ರಲ್ಲಿ, ಅಲೆಕ್ಸಾಂಡರ್ ವಿಂಪ್‌ಫೆನ್ ಎಂಬ ವರ್ತಕನು ತನ್ನ ಹಣ ಕೊಟ್ಟು ಶವವನ್ನು ಬಿಡಿಸಿ ವೋರ್ಮ್ಸಿನಲ್ಲಿ ಸಮಾಧಿ ಮಾಡಿಸಿದನು. ತಾನು ಸತ್ತಾಗ ಗುರುಗಳ ಪಕ್ಕದಲ್ಲಿ ತನಗಿಷ್ಟು ಜಾಗ ಬೇಕೆಂಬುದೊಂದೇ ಅವನ ಬೇಡಿಕೆ. ಅದೇ ವರ್ಷ ಅವನೂ ತೀರಿಕೊಂಡನು.

ಇತ್ತ ಗುರುವಿಲ್ಲದ ರೋಥೆನ್‌ಬರ್ಗಿನಲ್ಲಿ 1298ರಲ್ಲಿ ಹತ್ಯಾಕಾಂಡ ನಡೆಯಿತು. ರಿಂಟ್‌ಫ್ಲೈಷ್ ಎಂಬವನ ನಾಯಕತ್ವದ ಗುಂಪುಗಳು ಊರೂರು ತಿರುಗಿ ಯೆಹೂದಿಗಳನ್ನು ಕೊಂದವು. ಇಲ್ಲಿ ಕೋಟೆಯೊಳಗೆ ಆಶ್ರಯ ಪಡೆದವರೂ ಉಳಿಯಲಿಲ್ಲ. ಸತ್ತವರು ನಾನೂರಕ್ಕೂ ಹೆಚ್ಚು. ಮೆಯಿರರ ಶಿಷ್ಯರಾದ ಮೊರ್ದೆಖಾಯ್ ಎಂಬ ಪಂಡಿತರು ನ್ಯೂರೆಂಬರ್ಗಿನಲ್ಲಿ ಹೆಂಡತಿ ಮಕ್ಕಳೊಡನೆ ಹತರಾದರು. 1520ರ ಹೊತ್ತಿಗೆ ಉಳಿದವರನ್ನೂ ಊರಿನಿಂದ ಓಡಿಸಿ ಅವರ ಪ್ರಾರ್ಥನಾಮಂದಿರವನ್ನು ಕಿತ್ತುಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಂದು ನೆಲೆಸಿದ ಕೆಲವು ಮನೆತನಗಳನ್ನು 1938ರ ಅಕ್ಟೋಬರಿನಲ್ಲಿ, ದೇಶದ ಉಳಿದೆಡೆ ಬೆಂಕಿ ಬೀಳುವ ಮೊದಲೇ, ಇನ್ನೊಮ್ಮೆ ಓಡಿಸಿದರು. ಯೆಹೂದಿ ಬೀದಿಯ ಮನೆಗಳು ಮಾತ್ರ ಇಂದಿಗೂ ಅಚ್ಚುಕಟ್ಟಾಗಿ ನಿಂತಿವೆ, ಕಿಟಕಿಗಳಲ್ಲಿ ಹೂಕುಂಡಗಳು. ಮೆಕ್‌ಲಾಯ್ ಅವರ ತಾಯಿಯ ಕಥೆಯನ್ನು ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಈ ಕಥೆಯನ್ನು ನಾವೇ ಹುಡುಕಿಕೊಳ್ಳಬೇಕಾಯಿತು. ಹಾಗೆಂದು ದೂರಲು ನಮಗೆಲ್ಲಿಯ ಅಧಿಕಾರ? ಹರಳಯ್ಯ ಮಧುವರಸರನ್ನು ಎಳೆಹೂಟೆ ಎಳೆಸಿದ ಕಲ್ಯಾಣದ ಬೀದಿಯಲ್ಲಿಯೂ ಬೇರೆ ಜನ ಬದುಕಿ ಬಾಳಿದರು. ಚೆನ್ನಬಸವಣ್ಣನವರೂ ಶರಣರೂ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡು ಹಿಡಿದರು. ಆ ಕಟ್ಟುಗಳು ಮನೆಮನೆಯ ಜಗಲಿಯಲ್ಲಿ ಪೂಜೆಗೊಳ್ಳುತ್ತ ಓದುವವರಿಲ್ಲದೆ ಉಳಿದು, 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸುವವರೆಗೆ ನಮ್ಮವರಲ್ಲಿಯೇ ಎಷ್ಟು ಜನಕ್ಕೆ ಆ ಕಥೆ ಗೊತ್ತಿತ್ತು?

ಸಂಜೆ ನಾವೆಲ್ಲರೂ ಕೋಟೆಯ ಉದ್ಯಾನಕ್ಕೆ ಹೋದೆವು. ಅರಮನೆಯಿದ್ದ ದಿಣ್ಣೆಯ ಮೂಗಿನ ಮೇಲೆ ಈಗ ಮರಗಳು, ಹೂಗಳು, ಒಂದು ಹಳೆಯ ಚಿಕ್ಕ ಪ್ರಾರ್ಥನಾಗೃಹ. ಅದರ ಬಳಿ 1298ರಲ್ಲಿ ಸತ್ತವರ ನೆನಪಿಗೆ ಒಂದು ಕಲ್ಲು. ತಂದೆತಾಯಿಗಳೂ ನಮ್ಮ ಧರ್ಮಪತ್ನಿಯವರೂ ಕಣಿವೆಯನ್ನು ನೋಡುತ್ತ ಮುಂದೆ ಹೋದರು. ಬೇಕೆಂದೇ ಹೋದರೆಂದು ತೋರುತ್ತದೆ. ಹುಡುಗಿ ನಮ್ಮ ಪಕ್ಕ ಬೆಂಚಿನ ಮೇಲೆ ಕುಳಿತಿದ್ದಳು. ಈಗ ಆ ನಾಲ್ಕು ಮಾತು ಹೇಳಬೇಕೆಂದು ನಾವು ಗಂಟಲು ಸರಿಮಾಡಿಕೊಂಡೆವು.

ಅವಳೇ ಮೊದಲು ಕೇಳಿದಳು. "ಅಜ್ಜಾ, ಅವರು ರೊಕ್ಕ ಕೊಡಾಕ ಹೂಂ ಅಂದಿದ್ರ ಹೊರಗ ಬರಬಹುದಿತ್ತಲ್ಲ? ಯಾಕ ಬ್ಯಾಡ ಅಂದ್ರು?"

ತನ್ನಿಂದ ಬೇರೆಯವರಿಗೆ ಕೇಡಾಗಬಾರದೆಂದು, ಎಂದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೆಂದಳು: "ನಾ ಕರಡಗಿ ಯಾಕ ತಗದಿಡತೀನಿ ಗೊತ್ತೇನು? ನಾಚಿಕಿ ಅಂತ ಅವ್ವ ಅಂದ್ಕೊಂಡಾಳ. ಅದಲ್ಲ. ಸಾಲ್ಯಾಗ ಈಜು ಕಲಿಸತಾರ. ಅಲ್ಲಿ ಒಬ್ಬಾಕಿ ಗೆಳತಿ, ಈ ಬೆಳ್ಳಿ ಡಬ್ಬ್ಯಾಗ ಏನೈತಿ ಅಂತ ಕೇಳಿದ್ಲು. ಔಷಧ ಐತಿ ಅಂದ್ಬಿಟ್ಟೆ. ಸುಳ್ಳು ಹೇಳಿದೆ, ಅಜ್ಜಾ. ಕೊಳ್ಳಾಗ ಕಟ್ಟಿಕೊಂಡು ಅದರ ಮ್ಯಾಲೇ ಸುಳ್ಳು ಹೇಳಿದ್ಮ್ಯಾಲೆ ಮತ್ತ ಕಟ್ಟಿಕೊಳ್ಳಾಕ ಮನಸ್ಸಾಗವಲ್ದು."

ನಮ್ಮ ಬಳಿ ಉತ್ತರವಿತ್ತು. ಶಿವನನ್ನು ಭವರೋಗವೈದ್ಯನೆಂದು ಕರೆದುದರಿಂದ ಅದು ಪೂರ್ತಿ ಸುಳ್ಳೂ ಅಲ್ಲವೆಂದು ಹೇಳಿ ನಗಿಸಬಹುದಿತ್ತು. ಆದರೆ ಆ ಮಾತು ಬಾಯಿಗೆ ಬರುವ ಮೊದಲೇ ಇನ್ನೊಂದು ದೃಶ್ಯ ಕಣ್ಣ ಮುಂದೆ ಬಂದಿತು. ಈ ಪ್ರವಾಸಕ್ಕೆ ಬರುವಾಗ ದಾರಿಯ ವಿಮಾನನಿಲ್ದಾಣವೊಂದರ ತಪಾಸಣೆಯಲ್ಲಿ ಅಧಿಕಾರಿಯೊಬ್ಬರು ನಮ್ಮ ಎದೆಯ ಮೇಲಿನ ಕರಡಿಗೆಯನ್ನು ತೋರಿಸಿ ಇದೇನೆಂದು ಕೇಳಿದ್ದರು. ಹಿಂದೆ ಉದ್ದನೆಯ ಸಾಲು, ಮುಂದಿನ ವಿಮಾನಕ್ಕೆ ಹೊತ್ತಾಗಿತ್ತು. ತೆರೆಯೆಂದರೆ ಏನು ಗತಿ, ಮುಟ್ಟುವೆನೆಂದರೆ ಏನು ಗತಿಯೆಂಬ ಗಾಬರಿಯಲ್ಲಿ "ಆಭರಣ" ಎಂದು ಹೇಳಿ ಪಾರಾದೆವು. ಆ ಅಧಿಕಾರಿ ನಕ್ಕು ಬಿಟ್ಟುಬಿಟ್ಟರು. ನಮ್ಮ ದೈವವೆಂದು ಹೇಳಿದ್ದರೂ ಬಹುಶಃ ಹಾಗೆಯೇ ಬಿಡುತ್ತಿದ್ದರು. ಅದನ್ನು ನಾವು ಧರ್ಮಪತ್ನಿಯವರಿಗೂ ಹೇಳಿರಲಿಲ್ಲ. ಯುಕ್ತಿಯೆಂದು ಮನಸ್ಸನ್ನು ಒಪ್ಪಿಸಿಕೊಂಡು ಮರೆತಿದ್ದೆವು. ಹದಿಮೂರು ವರ್ಷದ ಹುಡುಗಿ ಮರೆತಿರಲಿಲ್ಲ.

ನಡೆದುದನ್ನು ಅವಳಿಗೆ ಹೇಳಿದೆವು. ಅವಳು ನಮ್ಮ ಮುಖವನ್ನು ಬಹಳ ಹೊತ್ತು ನೋಡಿ, "ನೀವೂನಾ?" ಎಂದಳು. ಅವಳ ದನಿಯಲ್ಲಿ ಅಣಕವಿರಲಿಲ್ಲ. ನೀವು ಏನು ಮಾಡಿದಿರಿ ಆಮೇಲೆ ಎಂದು ಕೇಳಿದಳು. ಏನೂ ಮಾಡಲಿಲ್ಲ, ನಿನಗೇ ಮೊದಲು ಹೇಳುತ್ತಿರುವುದು ಎಂದೆವು. ಅಷ್ಟರಲ್ಲಿ ಅವಳ ತಾಯಿ ಆಸೆಯ ಕಣ್ಣಿನಿಂದ ನಮ್ಮತ್ತ ನೋಡುತ್ತ ಬಂದರು. ನಾವು ಕಣಿವೆಯ ಹಳೆಯ ಸೇತುವೆ ಎಷ್ಟು ಚೆನ್ನಾಗಿದೆಯೆಂದು ಮಾತು ತೆಗೆದೆವು.

ಶನಿವಾರ ದಕ್ಷಿಣಕ್ಕೆ ಇನ್ನೊಂದು ಕೋಟೆಯೂರಿಗೆ ಹೋಗುವುದೆಂದು ಮೊದಲು ಗೊತ್ತಾಗಿತ್ತು. ವೋರ್ಮ್ಸಿಗೆ ಹೋಗೋಣವೆಂದು ಹುಡುಗಿ ಹಟ ಹಿಡಿದಳು. ಸಮಾಧಿ ನೋಡಲೆಂದು ಅಷ್ಟು ದೂರ ಯಾರು ಹೋಗುತ್ತಾರೆಂದು ತಂದೆ ಗೊಣಗಿದರು; ನಮ್ಮ ಮುಖ ನೋಡಿ ಗಾಡಿಯನ್ನು ವಾಯವ್ಯಕ್ಕೆ ತಿರುಗಿಸಿದರು. ಮಧ್ಯಾಹ್ನ ತಲುಪಿದರೆ ಸ್ಮಶಾನದ ಬಾಗಿಲು ಹಾಕಿತ್ತು. ಶನಿವಾರ ಯೆಹೂದಿಗಳ ವಿಶ್ರಾಂತಿದಿನವೆಂಬುದನ್ನು ಅಷ್ಟೊಂದು ಓದಿದ ನಮ್ಮಲ್ಲೊಬ್ಬರಿಗೂ ಹೊಳೆಯಲಿಲ್ಲ! ಅನಿವಾರ್ಯವಾಗಿ ರೈನ್ ನದಿಯ ದಂಡೆಯಲ್ಲಿ ಆ ರಾತ್ರಿ ತಂಗಿದೆವು. ಜೋಳದ ಹಿಟ್ಟು ಮುಗಿದಿದ್ದುದರಿಂದ ಉಪ್ಪಿಟ್ಟಾಯಿತು.

ಪವಿತ್ರ ಮರಳು ಎಂಬ ಹೆಸರಿನ ಆ ಸ್ಮಶಾನ ಯುರೋಪಿನಲ್ಲಿ ಉಳಿದಿರುವ ಯೆಹೂದಿ ಸ್ಮಶಾನಗಳಲ್ಲಿ ಅತ್ಯಂತ ಹಳೆಯದು. ಯುನೆಸ್ಕೋ ಸಂಸ್ಥೆ 2021ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಗಂಡಸರು ತಲೆ ಮುಚ್ಚಿಕೊಂಡು ಒಳಹೋಗಬೇಕೆಂಬ ನಿಯಮ. ನಾವು ರುಮಾಲು ಸುತ್ತಿದ್ದೆವು, ಶಿಷ್ಯರು ಕರವಸ್ತ್ರ ಕಟ್ಟಿಕೊಂಡರು. ಎತ್ತರದ ಹುಲ್ಲು, ವಾಲಿದ ಕಲ್ಲುಗಳು, ಹಕ್ಕಿಗಳ ಧ್ವನಿ. ಬಾಗಿಲಿನಿಂದ ಬಹಳ ದೂರ ಹೋಗಬೇಕಿಲ್ಲ. ಗುರುವಿನ ಕಲ್ಲು, ಅದಕ್ಕೆ ಭುಜ ತಾಗುವಂತೆ ವರ್ತಕನ ಕಲ್ಲು, ಎರಡೂ ಒಂದೇ ಎತ್ತರ. ಮೇಲೆಲ್ಲ ಬಂದವರು ಇಟ್ಟ ಸಣ್ಣ ಹರಳುಗಳು, ಅವುಗಳ ಕೆಳಗೆ ಮಡಿಸಿದ ಚೀಟಿಗಳು. ಹೂವಿನ ಬದಲು ಕಲ್ಲು ಇಡುವುದು ಅವರ ಪದ್ಧತಿ. ಹುಡುಗಿ ದಾರಿಯಿಂದ ಎರಡು ಹರಳು ಆರಿಸಿ ತಂದಿದ್ದಳು. ಗುರುವಿನ ಕಲ್ಲಿನ ಮೇಲೆ ಒಂದನ್ನಿಟ್ಟಳು. ಇನ್ನೊಂದನ್ನ ವರ್ತಕನಿಗಿಡುವಳೆಂದುಕೊಂಡೆವು, ಅವಳು ಅದನ್ನು ನಮ್ಮ ಕೈಗೆ ಕೊಟ್ಟಳು. ನಾವು ಇಟ್ಟೆವು.

ಗಾಡಿಗೆ ಮರಳಿ ಊರಿನ ದಾರಿ ಹಿಡಿದಾಗ ಅವಳು ಆ ಗೆಳತಿಗೆ ಹೇಳಬೇಕಾದುದನ್ನು ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದಳು. ಇಷ್ಟಲಿಂಗ ಎಂಬುದಕ್ಕೆ ಆ ಭಾಷೆಯಲ್ಲಿ ಏನನ್ನಬೇಕೆಂದು ನಮ್ಮನ್ನು ಕೇಳಿದಳು. ಇಷ್ಟಲಿಂಗವೆಂದೇ ಬರೆ, ಆಮೇಲೆ ವಿವರಿಸು ಎಂದೆವು. ಆ ವಿವರಣೆಯಲ್ಲಿಯೇ ಸ್ಟುಟ್‌ಗಾರ್ಟ್ ಬರುವವರೆಗೆ ನಮ್ಮಿಬ್ಬರ ಹೊತ್ತು ಹೋಯಿತು.